ಮಷಿನ್ ನಿಲ್ಲಿಸಿದರೂ ಕೈ ಗುಂಯ್ ಎನ್ನುತ್ತಿತ್ತು

ಮೂರು ವರ್ಷದ ಹಿಂದೆ, ಡಿಸೆಂಬರಿನ ಒಂದು ಬೆಳಗ್ಗೆ. ಬೇಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಕರಡ (ಒಣಹುಲ್ಲು) ಹೊಡೆಯುವ ಕೆಲಸ ನಡೆದಿತ್ತು. ಹಿಂದಿನ ದಿನ ಆರು ಗಂಟೆ ಕಳೆ ಹೊಡೆಯುವ ಮಷಿನ್ ಹಿಡಿದಿದ್ದೆ. ಚಹಾ ಲೋಟ ಎತ್ತಲು ಹೋದರೆ ಎಡಗೈಯ ಉಂಗುರ ಬೆರಳು, ಕಿರುಬೆರಳು ಎರಡೂ ನನ್ನವಲ್ಲ ಅನ್ನಿಸಿತು. ನೋಡಿದೆ. ತುದಿಗಳು ಸುಣ್ಣ ಬಳಿದ ಹಾಗೆ ಬೆಳ್ಳಗಾಗಿದ್ದವು. ಚಿವುಟಿದರೂ ಗೊತ್ತಾಗುತ್ತಿರಲಿಲ್ಲ.

"ರಾತ್ರಿ ಕೈ ಮೇಲೆ ಮಲಗಿರಬೇಕು, ಬಚ್ಚಲ ಒಲೆ ಹತ್ತಿರ ಹಿಡಿ" ಎಂದಳು ಅಮ್ಮ. ಹಿಡಿದೆ. ಕಾಲು ಗಂಟೆಯಲ್ಲಿ ಬೆರಳು ಕೆಂಪಾಗಿ, ಮೆಣಸಿನಕಾಯಿ ಹಚ್ಚಿದ ಹಾಗೆ ಉರಿಯತೊಡಗಿತು. ಆಮೇಲೆ ಸರಿಯಾಯಿತು. ಸರಿಯಾಯಿತಲ್ಲ ಅಂತ ಮತ್ತೆ ಮಷಿನ್ ಹೆಗಲಿಗೇರಿಸಿ ಹೊರಟೆ. ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನಮ್ಮದು ಶಿರಸಿ ಕಡೆಯ ಹಳ್ಳಿ. ಎರಡು ಎಕರೆ ಅಡಿಕೆ ತೋಟ, ಸ್ವಲ್ಪ ಸೊಪ್ಪಿನ ಬೆಟ್ಟ, ಒಂದು ಬೇಣ. ಆಳು ಸಿಗದ ಕಾಲ. ಹಾಗಾಗಿ ಕಳೆ ಹೊಡೆಯುವ ಮಷಿನ್ ಕೊಂಡೆ. ಬ್ರಶ್ ಕಟರ್ ಅಂತಾರಲ್ಲ, ಅದೇ. ನನ್ನ ತೋಟ ಮುಗಿದ ಮೇಲೆ ಅಕ್ಕಪಕ್ಕದವರದ್ದಕ್ಕೂ ಗಂಟೆ ಲೆಕ್ಕದಲ್ಲಿ ಹೋಗತೊಡಗಿದೆ. ಕೊಯ್ಲಿಗೆ ಮುಂಚೆ ತೋಟ, ಆಮೇಲೆ ಕರಡ. ಸೀಸನ್ನಿನಲ್ಲಿ ದಿನಕ್ಕೆ ಐದಾರು ಗಂಟೆ ಮಾಮೂಲು. ಸಂಜೆ ಮಷಿನ್ ನಿಲ್ಲಿಸಿ ಊಟಕ್ಕೆ ಕೂತರೂ ಕೈಯೊಳಗೆ ಜೇನುಹುಳ ಹೊಕ್ಕ ಹಾಗೆ ಗುಂಯ್ ಎನ್ನುತ್ತಿತ್ತು. ಎಲ್ಲರಿಗೂ ಹಾಗೇ ಅಂದುಕೊಂಡಿದ್ದೆ.

ಆ ಚಳಿಗಾಲದಲ್ಲಿ ಬೆರಳು ಮತ್ತೆ ನಾಲ್ಕೈದು ಸಲ ಬೆಳ್ಳಗಾಯಿತು. ಡಾಕ್ಟರ ಹತ್ತಿರ ಹೋದೆ. ಅವರು ಕೇಳಿದ ಮೊದಲ ಪ್ರಶ್ನೆ, "ಏನು ಕೆಲಸ ಮಾಡ್ತೀರಿ?" ಎರಡನೆಯದು, "ಕವಳ ಹಾಕ್ತೀರಾ? ತಂಬಾಕು ಸೇರಿಸಿ?" ಎಲೆ ಅಡಿಕೆಗೆ ತಂಬಾಕು ಸೇರಿಸಿಯೇ ಹಾಕುತ್ತಿದ್ದೆ. ತಂಬಾಕಿನ ನಿಕೋಟಿನ್ ರಕ್ತನಾಳವನ್ನು ಬಿಗಿ ಮಾಡುತ್ತದೆ. ಮಷಿನ್ನಿನ ನಡುಕವೂ ಬೆರಳಿನ ಸಣ್ಣ ರಕ್ತನಾಳ, ನರಗಳನ್ನೇ ಹಾಳು ಮಾಡುತ್ತದೆ. ಮೇಲಿಂದ ಚಳಿ. ಮೂರೂ ಸೇರಿದರೆ ಬೆರಳಿಗೆ ರಕ್ತ ಹೋಗುವ ದಾರಿ ಮುಚ್ಚಿದ ಹಾಗೆ. ಇದಕ್ಕೆ ಹ್ಯಾಂಡ್ ಆರ್ಮ್ ವೈಬ್ರೇಶನ್ ಸಿಂಡ್ರೋಮ್ ಎಂದು ಹೆಸರು. ಶುರುವಿನಲ್ಲೇ ಎಚ್ಚೆತ್ತರೆ ತಡೆಯಬಹುದು, ನರ ಪೂರ್ತಿ ಕೆಟ್ಟ ಮೇಲೆ ವಾಪಸ್ ಬರುವುದಿಲ್ಲ ಎಂದರು.

ಮನೆಗೆ ಬಂದು ಓದಿದಾಗ ಗೊತ್ತಾಯಿತು, ಇದು ಹೊಸ ಕಾಯಿಲೆಯೇ ಅಲ್ಲ. 1918ರಲ್ಲಿ ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ ಅಮೆರಿಕದ ಇಂಡಿಯಾನಾದ ಬೆಡ್‌ಫರ್ಡ್‌ನಲ್ಲಿ ಕಲ್ಲು ಕೆತ್ತುವವರ ಕೈಗಳನ್ನು ನೋಡಿ ಬರೆದಿದ್ದರು. ಗಾಳಿಯ ಒತ್ತಡದಲ್ಲಿ ಓಡುವ ಸುತ್ತಿಗೆ ಹಿಡಿದವರ ಬೆರಳು ಚಳಿಯ ಬೆಳಗ್ಗೆ ಬೆಳ್ಳಗಾಗುತ್ತಿತ್ತು. ಉಳಿ ಹಿಡಿಯುವ ಎಡಗೈಗೇ ಜಾಸ್ತಿ. ನೂರು ವರ್ಷದ ಹಿಂದಿನ ಆ ಕಲ್ಲುಕುಟಿಗರ ಕೈಯೂ ನನ್ನ ಕೈಯೂ ಒಂದೇ ರೀತಿ!

ಪರಿಹಾರ ಅಂದಕೂಡಲೇ ನನ್ನ ತಲೆಗೆ ಬಂದದ್ದು ಗ್ಲೌಸ್. ಇಲ್ಲಿಂದ ನನ್ನ ದುಡ್ಡು ಹಾಳು ಮಾಡಿದ ಕತೆ ಶುರು.

ಮೊದಲು ನಾನು ಹಾಕುತ್ತಿದ್ದದ್ದು ಹಾರ್ಡ್‌ವೇರ್ ಅಂಗಡಿಯ ನೂಲಿನ ಗ್ಲೌಸ್, ಅಂಗೈಗೆ ರಬ್ಬರ್ ಚುಕ್ಕಿ ಇರುವಂಥದ್ದು. ಮುಳ್ಳು ತಾಗದಂತೆ, ಕೈ ಜಾರದಂತೆ ಕಾಯುತ್ತದೆ. ನಡುಕಕ್ಕೆ ಅದು ಲೆಕ್ಕಕ್ಕೇ ಇಲ್ಲ. ಎರಡನೆಯದು ಆನ್‌ಲೈನ್‌ನಲ್ಲಿ ತರಿಸಿದ್ದು. "ಆಂಟಿ ವೈಬ್ರೇಶನ್" ಅಂತ ದೊಡ್ಡದಾಗಿ ಬರೆದಿತ್ತು. ಅಂಗೈಯಲ್ಲಿ ಎರಡು ಕಡೆ ಜೆಲ್ ತುಂಬಿದ ದಿಂಬು, ಬೆರಳು ಅರ್ಧಕ್ಕೇ ಮುಗಿಯುತ್ತಿತ್ತು. ಸೈಕಲ್ ಓಡಿಸುವವರದ್ದು ಅಂತ ಕಾಣುತ್ತದೆ. ಬೆಳ್ಳಗಾಗುವುದು ನನ್ನ ಬೆರಳ ತುದಿ, ಆ ಗ್ಲೌಸ್ ಮುಚ್ಚುವುದು ಅಂಗೈ. ತಲೆನೋವಿಗೆ ಮೊಣಕಾಲಿಗೆ ಪಟ್ಟು ಹಾಕಿದ ಹಾಗೆ.

ಮೂರನೆಯದಕ್ಕೆ ಸಾವಿರದ ಮೇಲೆ ಕೊಟ್ಟೆ. ಐದೂ ಬೆರಳು ಮುಚ್ಚುವ, ದಪ್ಪ ಜೆಲ್ಲಿನದ್ದು. ಎಷ್ಟು ದಪ್ಪವೋ ಅಷ್ಟು ಒಳ್ಳೆಯದು ಅನ್ನುವ ಲೆಕ್ಕ ನನ್ನದು. ಸೈಜೂ ಸ್ವಲ್ಪ ದೊಡ್ಡದೇ ಇರಲಿ, ಗಾಳಿ ಆಡಲಿ ಅಂತ 10ನೇ ನಂಬರ್ ತೆಗೆದುಕೊಂಡೆ. ಹಾಕಿಕೊಂಡು ಮಷಿನ್ ಹಿಡಿದರೆ ಹಿಡಿಕೆ ಎಲ್ಲಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಆಕ್ಸಿಲೇಟರ್ ಒತ್ತಿದ್ದೇನೋ ಇಲ್ಲವೋ ಅಂತ ಸದ್ದು ಕೇಳಿ ತಿಳಿಯಬೇಕು. ಜಾರಬಾರದು ಅಂತ ಮುಂಚಿಗಿಂತ ಬಿಗಿಯಾಗಿ ಹಿಡಿಯತೊಡಗಿದೆ. ಸಂಜೆಗೆ ಮುಂಗೈ ನೋವು ಬೇರೆ ಸೇರಿಕೊಂಡಿತು. ತಮಾಷೆ ಏನೆಂದರೆ, ಬಿಗಿಯಾಗಿ ಹಿಡಿದಷ್ಟೂ ನಡುಕ ಕೈಗೆ ಜಾಸ್ತಿ ಇಳಿಯುತ್ತದೆ. ಗ್ಲೌಸ್ ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಕಿತ್ತುಕೊಳ್ಳುತ್ತಿತ್ತು.

ಆಗ ಕೂತು ಸರಿಯಾಗಿ ಓದಿದೆ. ಆಂಟಿ ವೈಬ್ರೇಶನ್ ಅಂತ ಯಾರು ಬೇಕಾದರೂ ಅಚ್ಚು ಹಾಕಬಹುದು. ಅದಕ್ಕೊಂದು ಪರೀಕ್ಷೆ ಇದೆ, ಐಎಸ್ಒ 10819 ಅಂತ. ಗ್ಲೌಸಿನ ಚೀಟಿಯ ಮೇಲೆ ಆ ನಂಬರ್ ಇರಬೇಕು. ಅದರ ಪ್ರಕಾರ ಅಂಗೈಯಲ್ಲಿರುವ ಮೆತ್ತೆಯೇ ಬೆರಳುಗಳಿಗೂ ಬರಬೇಕು. ಅಂಗೈಯ ಮೆತ್ತೆ 8 ಮಿಲಿಮೀಟರ್ ಮೀರಬಾರದು. ಬೆರಳಿನಲ್ಲಿ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿಯಾದರೂ ದಪ್ಪ ಇರಬೇಕು. ನನ್ನ ಅರ್ಧ ಬೆರಳಿನ ಗ್ಲೌಸ್ ಇಲ್ಲೇ ಫೇಲ್.

ಇನ್ನು ಆ ಪರೀಕ್ಷೆ ಏನು ಕೇಳುತ್ತದೆ ನೋಡಿ. ನಡುಕವನ್ನು ಎರಡು ಭಾಗ ಮಾಡುತ್ತಾರೆ. ಸೆಕೆಂಡಿಗೆ 25ರಿಂದ 200 ಸಲ ಅದುರುವುದು ಒಂದು. 200ರಿಂದ 1250 ಸಲ ಅದುರುವುದು ಇನ್ನೊಂದು. ಮೇಲಿನ, ಅಂದರೆ 200 ದಾಟಿದ ಭಾಗದಲ್ಲಿ ಗ್ಲೌಸ್ ಶೇಕಡಾ 40ರಷ್ಟಾದರೂ ತಡೆಯಬೇಕು. ಕೆಳಗಿನ ಭಾಗದಲ್ಲಿ ಶೇಕಡಾ 10 ತಡೆದರೆ ಸಾಕು, ಪಾಸ್.

ನಮ್ಮ ಮಷಿನ್ ಯಾವ ಭಾಗಕ್ಕೆ ಬರುತ್ತದೆ? ಕಳೆ ಹೊಡೆಯುವಾಗ ಎಂಜಿನ್ ನಿಮಿಷಕ್ಕೆ ಸುಮಾರು 6,000ದಿಂದ 9,000 ಸುತ್ತು ತಿರುಗುತ್ತದೆ. 60ರಿಂದ ಭಾಗಿಸಿ. ಸೆಕೆಂಡಿಗೆ 100ರಿಂದ 150. ಅಂದರೆ ಗ್ಲೌಸಿನ ಕೈ ಸಾಗದ ಭಾಗದಲ್ಲೇ ನಮ್ಮ ಮಷಿನ್ ಅದುರುತ್ತದೆ! ಈ ಲೆಕ್ಕವನ್ನು ಹಳೆಯ ಕ್ಯಾಲೆಂಡರಿನ ಹಿಂದೆ ಬರೆದು ಎರಡು ಸಲ ತಾಳೆ ನೋಡಿದೆ. ಗರಗಸದ ಮಷಿನ್ ಇನ್ನೂ ಜೋರಾಗಿ ತಿರುಗುತ್ತದೆ, ಅಲ್ಲಿ ಸ್ವಲ್ಪ ಲಾಭ ಸಿಗಬಹುದು. ಅದಕ್ಕೆ ಬೇಕಾದ ಗ್ಲೌಸೇ ಬೇರೆ. ಎಡಗೈ ಬೆನ್ನಿಗೆ ಚೈನ್ ತಾಗಿದರೆ ತಡೆಯುವ ಪದರ ಇರುವಂಥದ್ದು.

ಇನ್ನೊಂದು ವಿಷಯ. ಆ ಪರೀಕ್ಷೆಯಲ್ಲಿ ಅಳೆಯುವುದು ಅಂಗೈಯಲ್ಲಿ ಮಾತ್ರ, ಬೆರಳಿನಲ್ಲಲ್ಲ. ಬ್ರಿಟನ್ನಿನಲ್ಲಿ ಕೆಲಸಗಾರರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಚ್‌ಎಸ್‌ಇ ಕೂಡ ನಡುಕ ತಡೆಯಲು ಗ್ಲೌಸ್ ನಂಬಬೇಡಿ, ಕೈ ಬೆಚ್ಚಗಿಡಲು ಹಾಕಿಕೊಳ್ಳಿ ಎನ್ನುತ್ತದೆ. ಸಾವಿರ ರೂಪಾಯಿ ಕೊಟ್ಟ ಮೇಲೆ ಇದನ್ನು ಓದಿದರೆ ಹೇಗಾಗಬೇಡ?

ಮಷಿನ್ ಜೊತೆ ಬಂದ ಪುಸ್ತಕವನ್ನು ಅಟ್ಟದಿಂದ ಹುಡುಕಿ ತೆಗೆದೆ. ಕೊನೆಯ ಪುಟಗಳಲ್ಲಿ ಎಡ ಹಿಡಿಕೆ, ಬಲ ಹಿಡಿಕೆ ಅಂತ ನಡುಕ ಎಷ್ಟು ಜೋರು ಅನ್ನುವ ಅಂಕಿ (m/s² ಲೆಕ್ಕದಲ್ಲಿ) ಇರುತ್ತದೆ. ಕೊಳ್ಳುವಾಗ ಯಾರೂ ನೋಡುವುದಿಲ್ಲ, ನಾನೂ ನೋಡಿರಲಿಲ್ಲ. ನನ್ನದಕ್ಕೆ ಎಡಗೈ 5 ಅಂತಿತ್ತು. ಯುರೋಪಿನಲ್ಲಿ 2002ರಲ್ಲಿ ಮಾಡಿದ ನಿಯಮದ ಪ್ರಕಾರ ಎಂಟು ಗಂಟೆಯ ಲೆಕ್ಕಕ್ಕೆ 2.5 ದಾಟಿದರೆ ಕ್ರಮ ತೆಗೆದುಕೊಳ್ಳಬೇಕು, 5 ದಾಟಲೇಬಾರದು. ಅಂಕಿ ಇಮ್ಮಡಿಯಾದರೆ ಸಮಯ ಕಾಲು ಭಾಗಕ್ಕೆ ಇಳಿಯುತ್ತದೆ. ಅಂದರೆ 5 ಇರುವ ಮಷಿನ್ ಹಿಡಿದರೆ ಎರಡು ಗಂಟೆಗೇ ಮೊದಲ ಗೆರೆ ಮುಟ್ಟುತ್ತೇವೆ. 7 ಇದ್ದರೆ ಒಂದೇ ಗಂಟೆ. ಗ್ಲೌಸ್ ಶೇಕಡಾ 10 ತಡೆಯಿತು ಅಂತಲೇ ಇಟ್ಟುಕೊಳ್ಳಿ. 5 ಇದ್ದದ್ದು 4.5 ಆಗುತ್ತದೆ, ಎರಡು ಗಂಟೆ ಇದ್ದದ್ದು ಎರಡೂವರೆಯ ಹತ್ತಿರ ಬರುತ್ತದೆ. ನನಗೆ ಸಿಗುವುದು ಅರ್ಧ ಗಂಟೆ. ನಾನು ಹಿಡಿಯುತ್ತಿದ್ದದ್ದು ಆರು ಗಂಟೆ. ಅದೂ ಹೊಸ ಮಷಿನ್ನಿನ ಅಂಕಿ. ನನ್ನದು ಐದು ಮಳೆಗಾಲ ಕಂಡದ್ದು.

ಹಾಗಾಗಿ ಗ್ಲೌಸ್ ಬಿಟ್ಟು ಮಷಿನ್ ಕಡೆ ತಿರುಗಿದೆ.

ಬ್ಲೇಡ್ ಬಿಚ್ಚಿದೆ. ಟಿಸಿಟಿ ಬ್ಲೇಡ್, ಅಂಚಿಗೆ ಗಟ್ಟಿ ಹಲ್ಲು ಕೂರಿಸಿರುವಂಥದ್ದು. ನಮ್ಮ ಬೇಣದಲ್ಲಿ ಕರಡದ ಬುಡಕ್ಕೆ ಚಿರೆಕಲ್ಲು. ಎರಡು ಹಲ್ಲು ಹಾರಿಹೋಗಿದ್ದವು, ಅದೂ ಒಂದೇ ಕಡೆ. ಒಂದು ಕಡೆ ಹಗುರವಾದ ಚಕ್ರ ಆ ವೇಗದಲ್ಲಿ ತಿರುಗಿದರೆ ಅದುರದೆ ಏನು ಮಾಡೀತು? ಹೊಸದು ಹಾಕಿದೆ. ಆವತ್ತೇ ಅರ್ಧದಷ್ಟು ವ್ಯತ್ಯಾಸ ಕಂಡಿತು. ಅಳೆದದ್ದಲ್ಲ, ಕೈ ಹೇಳಿದ್ದು. ನೈಲಾನ್ ದಾರ ಹಾಕುವಾಗಲೂ ಅಷ್ಟೇ, ಎರಡು ತುದಿ ಒಂದೇ ಉದ್ದ ಇಲ್ಲದಿದ್ದರೆ ಪೈಪ್ ಪೂರ್ತಿ ಕುಣಿಯುತ್ತದೆ. ಮುಂಚೆ ಆ ಕಡೆ ಗಮನವೇ ಕೊಡುತ್ತಿರಲಿಲ್ಲ.

ಆಮೇಲೆ ಎಂಜಿನ್‌ಗೂ ಪೈಪಿಗೂ ನಡುವಿನ ರಬ್ಬರ್ ಬುಶ್. ನಡುಕ ನುಂಗುವುದಕ್ಕೆ ಅಂತಲೇ ಇರುವುದು ಅದು. ನನ್ನದು ಪೆಟ್ರೋಲ್ ಕುಡಿದು ಹಿಗ್ಗಿ, ಒಂದು ಕಡೆ ಹರಿದಿತ್ತು. ಎರಡು ತಿಂಗಳ ಹಿಂದೆಯೇ ಸರ್ವಿಸ್ ಮಾಡಿಸಿದ್ದೆ. ಮೆಕ್ಯಾನಿಕ್ ಪ್ಲಗ್, ಫಿಲ್ಟರ್ ಒರೆಸಿ ಕೊಟ್ಟಿದ್ದ. "ಓಡ್ತಾ ಇದೆಯಲ್ಲ ಸಾರ್" ಅನ್ನುವುದು ಅವನ ಮಾತು. ಬುಶ್ ತರಿಸಿ ನಾನೇ ಹಾಕಿದೆ. ಗ್ಲೌಸಿಗೆ ಕೊಟ್ಟದ್ದರ ಕಾಲು ಭಾಗವೂ ಆಗಲಿಲ್ಲ.

ಬೆಲ್ಟ್ ಕೂಡ ನೋಡಿ. ಹೆಗಲ ಬೆಲ್ಟ್ ಸರಿ ಇದ್ದರೆ ಮಷಿನ್ ತಾನೇ ತೂಗಬೇಕು, ಕೈ ದಾರಿ ತೋರಿಸಿದರೆ ಸಾಕು. ನನ್ನದು ಉದ್ದ ಜಾಸ್ತಿಯಾಗಿ ಭಾರವೆಲ್ಲ ಎಡಗೈಗೇ ಬೀಳುತ್ತಿತ್ತು. ನೆಲದಿಂದ ಸ್ವಲ್ಪ ಮೇಲೆ ಬ್ಲೇಡ್ ತೂಗುವ ಹಾಗೆ ಬಿಗಿ ಮಾಡಿದೆ. ಹಾವಿನ ಕುತ್ತಿಗೆ ಹಿಡಿದ ಹಾಗೆ ಹಿಡಿಯುವ ಅಭ್ಯಾಸ ಬಿಡಲು ಮಾತ್ರ ಒಂದು ಸೀಸನ್ ಹಿಡಿಯಿತು.

ಇಷ್ಟಾದ ಮೇಲೆ ನಾಲ್ಕನೇ ಜೊತೆ ಗ್ಲೌಸ್ ಕೊಂಡೆ. ಈಗ ಬಳಸುತ್ತಿರುವುದು ಅದೇ. ಗ್ಲೌಸ್ ಬೇಡ ಅಂತ ನಾನು ಹೇಳುವುದಿಲ್ಲ. ಅದರಿಂದ ಏನು ಬೇಕು ಅಂತ ಈಗ ಗೊತ್ತು, ಅಷ್ಟೇ. ಕೈ ಬೆಚ್ಚಗಿರಬೇಕು, ಒಣಗಿರಬೇಕು, ಹಿಡಿತ ಸಡಿಲ ಬಿಟ್ಟರೂ ಜಾರಬಾರದು. ನಡುಕ ಸ್ವಲ್ಪ ತಡೆದರೆ ಅದು ಬೋನಸ್.

ಈ ಸಲ ಕೈ ಅಳೆದು ಹೋದೆ. ಹೆಬ್ಬೆರಳು ಬಿಟ್ಟು, ಬೆರಳಿನ ಗೆಣ್ಣುಗಳ ಮೇಲಿಂದ ಅಂಗೈ ಸುತ್ತ ದರ್ಜಿಯ ಟೇಪ್ ಸುತ್ತಬೇಕು. ಎಷ್ಟು ಇಂಚೋ ಹೆಚ್ಚುಕಡಿಮೆ ಅದೇ ಸೈಜ್ ನಂಬರ್. ನನ್ನದು ಎಂಟೂವರೆ ಇಂಚು. 8 ಹಾಕಿ ನೋಡಿದೆ, ಬೆರಳಿನ ಸಂದಿ ಬಿಗಿಯಿತು. ರಕ್ತ ಓಡದೆ ಬೆರಳು ಬೆಳ್ಳಗಾಗುವವನಿಗೆ ಬಿಗಿ ಗ್ಲೌಸ್ ಯಾಕೆ? 9 ಸರಿಯಾಯಿತು. ಅಂಗಡಿಯಲ್ಲಿ ಅರ್ಧ ಡಜನ್ ಜೊತೆ ಬಿಡಿಸಿ ನೋಡಿದೆ. ಅಲ್ಲಿದ್ದ ಒಂದು ಇಂಚಿನ ಪಿವಿಸಿ ಪೈಪನ್ನು ಹಿಡಿದೆ, ತೋರುಬೆರಳಿನಿಂದ ಆಕ್ಸಿಲೇಟರ್ ಒತ್ತಿದ ಹಾಗೆ ಮಾಡಿದೆ, ನೆಲಕ್ಕೆ ಬಿದ್ದ ಒಂದು ರೂಪಾಯಿ ನಾಣ್ಯ ಎತ್ತಿದೆ. ಅಂಗಡಿಯವರು ನನ್ನನ್ನು ಒಂಥರಾ ನೋಡಿದರು. ನೋಡಲಿ ಬಿಡಿ.

ಆರಿಸಿದ್ದು ತೆಳು ಮೆತ್ತೆಯದ್ದು. ಐಎಸ್ಒ ನಂಬರ್ ಇದೆ, ಬೆರಳ ತುದಿಯವರೆಗೂ ಮೆತ್ತೆ ಬಂದಿದೆ, ಬೆನ್ನಿನ ಕಡೆ ಗಾಳಿ ಆಡುವ ಬಟ್ಟೆ, ಮಣಿಕಟ್ಟಿಗೆ ಅಂಟುಪಟ್ಟಿ. ಚರ್ಮದ್ದು ಬೇಡ ಅಂದೆ. ನಮ್ಮ ಮಳೆಗಾಲದಲ್ಲಿ ಚರ್ಮದ ಗ್ಲೌಸನ್ನು ವಾರ ಬಿಟ್ಟು ನೋಡಿದರೆ ಬೂಷ್ಟು ಹಿಡಿದು ಹಸಿರಾಗಿರುತ್ತದೆ. ಎರಡು ಜೊತೆ ಕೊಂಡೆ. ಒದ್ದೆಯಾದದ್ದನ್ನು ಹಾಕಿಕೊಂಡರೆ ಬೆರಳು ತಣ್ಣಗಾಗುತ್ತದೆ, ಆಮೇಲೆ ಹಾಕಿಯೂ ಪ್ರಯೋಜನವಿಲ್ಲ. ಒಣಗಿಸುವಾಗ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಮೂರನೇ ಜೊತೆಯನ್ನು ಬಚ್ಚಲ ಒಲೆಯ ಮೇಲೆ ನೇತು ಹಾಕಿದ್ದೆ. ಎರಡೇ ದಿನಕ್ಕೆ ಮೆತ್ತೆ ಹಲಸಿನ ಹಪ್ಪಳದ ಹಾಗೆ ಗಟ್ಟಿಯಾಗಿತ್ತು.

ದಿನದ ಲೆಕ್ಕವೂ ಬದಲಾಗಿದೆ. ಒಂದು ಟ್ಯಾಂಕ್ ಪೆಟ್ರೋಲ್ ಮುಗಿದರೆ ಮಷಿನ್ ಕೆಳಗೆ. ತಕ್ಷಣ ತುಂಬಿಸುವುದಿಲ್ಲ, ಹೊಡೆದ ಹುಲ್ಲು ಎಳೆದು ರಾಶಿ ಹಾಕುತ್ತೇನೆ. ಬೆಳಗ್ಗೆ ಎಂಟೂವರೆಗೆ ಮುಂಚೆ, ಮಂಜು ಇರುವಾಗ ಶುರು ಮಾಡುವುದಿಲ್ಲ. ದಿನಕ್ಕೆ ಎರಡು, ಹೆಚ್ಚೆಂದರೆ ಎರಡೂವರೆ ಗಂಟೆ. ಬಾಡಿಗೆಗೆ ಹೋಗುವುದು ಬಹಳ ಕಡಿಮೆ ಮಾಡಿದ್ದೇನೆ, ಅದರ ದುಡ್ಡು ಹೋಯಿತು. ಕವಳ ಇನ್ನೂ ಇದೆ, ತಂಬಾಕು ಬಿಟ್ಟಿದ್ದೇನೆ. ಇದು ಎಲ್ಲಕ್ಕಿಂತ ಕಷ್ಟವಾಯಿತು, ಸುಳ್ಳು ಹೇಳುವುದಿಲ್ಲ.

ಕಳೆದ ಚಳಿಗಾಲದಲ್ಲಿ ಬೆರಳು ಬೆಳ್ಳಗಾದದ್ದು ಎರಡೇ ಸಲ. ಕಿರುಬೆರಳ ತುದಿಯ ಜೋಮು ಮಾತ್ರ ಪೂರ್ತಿ ಹೋಗಿಲ್ಲ. ಅಂಗಿಯ ಗುಂಡಿ ಹಾಕುವಾಗ ಗೊತ್ತಾಗುತ್ತದೆ.

ಹೋದ ತಿಂಗಳು ಆಚೆಮನೆ ಭಾವ ಬಂದಿದ್ದರು. "ಕೈ ಜುಮುಜುಮು ಅಂತದೆ ಮಾರಾಯ, ಅದೇನೋ ಗ್ಲೌಸ್ ತಗಂಡಿದ್ಯಲ್ಲ, ಎಲ್ಲಿ ಸಿಗ್ತದೆ?" ಎಂದರು. "ಗ್ಲೌಸ್ ಆಮೇಲೆ ಭಾವ, ಮೊದಲು ಮಷಿನ್ ನೋಡುವಾ" ಎಂದು ಸ್ಪ್ಯಾನರ್ ಹಿಡಿದು ಅವರ ಜೊತೆ ಹೋದೆ. ಬ್ಲೇಡ್ ಬಿಚ್ಚಿ ಅಂಗಳದ ಬಿಸಿಲಿಗೆ ಹಿಡಿದೆವು. ನಾಲ್ಕು ಹಲ್ಲು ಇರಲಿಲ್ಲ.