ಮರೆಯಲು ಬಾರದ ಮೂಗು: ನನ್ನ ಅನುಭವ

ಚಿಕ್ಕಂದಿನಲ್ಲಿ ನನಗೊಂದು ಬಿರುದು ಇತ್ತು. ಎಲ್ಲದಕ್ಕೂ ಮೂಗು ಮುರಿಯುವವಳು ಅಂತ. ಯಾರ ಮನೆಗೆ ಹೋದರೂ ಮೊದಲು ಬಾಗಿಲಲ್ಲೇ ನಿಂತುಬಿಡುತ್ತಿದ್ದೆ. ಪ್ರೀತಿಯಿಂದ ತಬ್ಬಿಕೊಳ್ಳಲು ಬಂದವರ ಪೌಡರಿನ ವಾಸನೆಗೆ ಹಿಂದೆ ಸರಿಯುತ್ತಿದ್ದೆ. ಕೊಬ್ಬು ಅಂದರು. ನಾನೂ ನಂಬಿದ್ದೆ. ನನಗೆ ಆಟಿಸಂ, ಅಂದರೆ ಹುಟ್ಟಿನಿಂದಲೇ ಮೆದುಳು ಬೇರೆ ಥರ ಕೆಲಸ ಮಾಡುವ ಸ್ಥಿತಿ, ಇದೆ ಅಂತ ಗೊತ್ತಾಗಿದ್ದು 31ನೇ ವಯಸ್ಸಿನಲ್ಲಿ. ಆಮೇಲೂ ಅದಕ್ಕೂ ನನ್ನ ಮೂಗಿಗೂ ನಂಟು ಕಾಣಲು ಒಂದು ವರ್ಷ ಹಿಡಿಯಿತು.

ಆ ನಂಟನ್ನು ತೋರಿಸಿದ್ದು ಒಂದು ಮೀಟಿಂಗ್. ಕಿಟಕಿ ಇಲ್ಲದ ರೂಮು, ಎಂಟು ಜನ. ಪಕ್ಕದವರ ಸೆಂಟು, ಆಗಷ್ಟೇ ಒರೆಸಿದ ನೆಲದ ಫಿನಾಯಿಲು, ಪ್ರೊಜೆಕ್ಟರಿನ ಬಿಸಿ ಪ್ಲಾಸ್ಟಿಕ್ಕು. ಹತ್ತು ನಿಮಿಷ ತಡೆದುಕೊಂಡೆ. ನಂತರ ಮಾತು ಮಾತಾಗಿ ಕೇಳುವುದು ನಿಂತಿತು. ಸದ್ದು ಬರುತ್ತಿತ್ತು, ಅರ್ಥ ಬರುತ್ತಿರಲಿಲ್ಲ. ಟ್ಯೂಬ್‌ಲೈಟಿನ ಗುಂಯ್ ಅನ್ನುವ ಸದ್ದು ದೊಡ್ಡದಾಯಿತು, ಅಂಗಿಯ ಲೇಬಲ್ಲು ಕತ್ತು ಚುಚ್ಚತೊಡಗಿತು. ಯಾರೋ ನನ್ನನ್ನೇ ಏನೋ ಕೇಳಿದರು. ಬಾಯಿಂದ ಮಾತು ಬರಲಿಲ್ಲ. ಎದ್ದು ಬಾತ್‌ರೂಮಿಗೆ ಓಡಿದೆ. ಅಲ್ಲಿ ಗೋಡೆಗೆ ಹಾಕಿದ್ದ ಫ್ರೆಶ್‌ನರ್ ಡಬ್ಬಿ ಪುಸ್ ಅಂತ ನನ್ನ ಮುಖದ ಮೇಲೇ ಉಗುಳಿತು.

ಆವತ್ತು ರಾತ್ರಿ ನನ್ನನ್ನು ಕಾಡಿದ ಪ್ರಶ್ನೆ ಒಂದೇ. ಉಳಿದ ಏಳು ಜನರಿಗೂ ಮೂಗಿದೆ ಅಲ್ವಾ? ಅವರು ಹೇಗೆ ಕೂತಿದ್ದರು?

ಉತ್ತರ ಸರಳ. ಅವರ ಮೂಗು ಮರೆಯುತ್ತದೆ. ಒಂದೇ ವಾಸನೆ ಸ್ವಲ್ಪ ಹೊತ್ತು ಇದ್ದರೆ ಹೆಚ್ಚಿನವರಿಗೆ ಅದು ಮಸುಕಾಗಿ, ಕೆಲವೇ ನಿಮಿಷಗಳಲ್ಲಿ ಇಲ್ಲವೇ ಇಲ್ಲ ಅನ್ನಿಸುತ್ತದೆ. ಸ್ವಂತ ಮನೆಯ ವಾಸನೆ ಅವರಿಗೆ ಗೊತ್ತಾಗದಿರುವುದು ಇದರಿಂದಲೇ. ನನ್ನ ವಿಷಯದಲ್ಲಿ ಆ ಮರೆವು ಸರಿಯಾಗಿ ಆಗುವುದಿಲ್ಲ. ಇಪ್ಪತ್ತನೇ ನಿಮಿಷದಲ್ಲೂ ಸೆಂಟು ಈಗ ತಾನೇ ಹಚ್ಚಿದ ಹಾಗಿರುತ್ತದೆ.

ಹಾಗಂತ ನನ್ನದು ನಾಯಿಯ ಮೂಗಲ್ಲ. ಎಷ್ಟೋ ಸಲ ಇದು ಯಾವ ವಾಸನೆ ಅಂತ ನಾನೇ ಬೇರೆಯವರನ್ನು ಕೇಳುತ್ತೇನೆ. ಆಟಿಸಂ ಇರುವವರಿಗೆ ತೀರಾ ಸಣ್ಣ ವಾಸನೆಯೂ ತಿಳಿಯುತ್ತದಾ ಅಂತ ಪರೀಕ್ಷೆ ಮಾಡಿದ ಅಧ್ಯಯನಗಳ ಫಲಿತಾಂಶ ಒಂದೇ ಥರ ಇಲ್ಲ. 2015ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಮಕ್ಕಳ ಮೇಲೆ ಮಾಡಿದ ಅಧ್ಯಯನವೊಂದು ನನಗೆ ಹೆಚ್ಚು ಹಿಡಿಸಿತು. ಕೆಟ್ಟ ವಾಸನೆ ಬಂದಾಗ ನಾವು ತಿಳಿಯದೆಯೇ ಉಸಿರು ಎಳೆಯುವುದನ್ನು ಕಡಿಮೆ ಮಾಡುತ್ತೇವೆ, ಒಳ್ಳೆಯದಾದರೆ ಜೋರಾಗಿ ಎಳೆಯುತ್ತೇವೆ. ಆಟಿಸಂ ಇದ್ದ ಮಕ್ಕಳು ಎರಡನ್ನೂ ಒಂದೇ ಥರ ಎಳೆದುಕೊಂಡರು. ಓದಿದಾಗ ನಗು ಬಂತು. ಗಬ್ಬು ನಾತಕ್ಕೂ ಪೂರ್ತಿ ಬಾಗಿಲು ತೆರೆದು ಕೂರುವ ಮೂಗು!

ಇನ್ನೊಂದು ವಿಷಯ. ನೋಟ, ಸದ್ದು, ಸ್ಪರ್ಶ ಇವೆಲ್ಲ ಮೆದುಳಿನ ಥಲಾಮಸ್ ಎಂಬ ಭಾಗದ ಮೂಲಕ ಹಾದು ಒಳಗೆ ಹೋಗುತ್ತವೆ. ವಾಸನೆ ಅಲ್ಲಿ ನಿಲ್ಲದೆ, ಭಯ ಮತ್ತು ಭಾವನೆಗಳನ್ನು ನೋಡಿಕೊಳ್ಳುವ ಅಮಿಗ್ಡಲಾಕ್ಕೆ ಹತ್ತಿರದ ದಾರಿ ಹಿಡಿಯುತ್ತದೆ. ಯೋಚನೆ ಶುರುವಾಗುವ ಮೊದಲೇ ಕಾಲು ಓಡಲು ಸಿದ್ಧವಾಗಿರುವುದು ಏಕೆ ಅಂತ ಆಗ ಸ್ವಲ್ಪ ಅರ್ಥವಾಯಿತು.

ಆಮೇಲೆ ಬರೆಯಲು ಕೂತೆ. ಆರು ವಾರ, ಪ್ರತಿ ರಾತ್ರಿ ನಾಲ್ಕೈದು ಸಾಲು: ಯಾವ ವಾಸನೆ, ಎಷ್ಟು ಹೊತ್ತು, ಹಿಂದಿನ ರಾತ್ರಿಯ ನಿದ್ದೆ, ಊಟ ಮಾಡಿದ್ದೆನಾ, ಗದ್ದಲ ಎಷ್ಟಿತ್ತು. ವಾಸನೆಗೆ ಅಂಕ ಕೊಡಲಿಲ್ಲ. ನಮ್ಮ ಮಾತಲ್ಲೇ ಬೇಕಾದಷ್ಟು ಹೆಸರುಗಳಿವೆ. ಘಮ, ಕಮಟು, ನಾತ, ಘಾಟು. ಘಾಟಂತೂ ಬೇರೆಯದೇ ದಾರಿ. ಬ್ಲೀಚು, ಅಮೋನಿಯಾ, ಮೆಂಥಾಲ್ ಇವು ವಾಸನೆಯ ನರದ ಜೊತೆಗೆ ಮುಖದ ಸ್ಪರ್ಶ ತಿಳಿಸುವ ನರವನ್ನೂ ಕೆಣಕುತ್ತವೆ. ಅದಕ್ಕೇ ಕಣ್ಣು ಉರಿಯುತ್ತದೆ.

ಆರು ವಾರದಲ್ಲಿ ಹನ್ನೊಂದು ಸಲ ಕುಸಿದಿದ್ದೆ. ಕುಸಿಯುವುದು ಅಂದರೆ ಮಾತು ಹೋಗುವುದು, ಕತ್ತಲಲ್ಲಿ ಮಲಗಬೇಕಾಗುವುದು. ತೀರಾ ಜೋರು ವಾಸನೆ ಇದ್ದದ್ದು ಅದರಲ್ಲಿ ಮೂರು ದಿನ ಮಾತ್ರ. ಉಳಿದ ಎಂಟು ದಿನ ಸಾಧಾರಣ ವಾಸನೆಗಳೇ. ಆದರೆ ನಿದ್ದೆ ಕೆಟ್ಟಿತ್ತು, ಇಲ್ಲವೇ ಹಸಿದಿದ್ದೆ, ಇಲ್ಲವೇ ಬೆಳಿಗ್ಗೆಯಿಂದ ಗದ್ದಲದಲ್ಲಿದ್ದೆ. ಇಷ್ಟು ವರ್ಷ ನಾನು ಜೋರು ವಾಸನೆಯನ್ನೇ ಶತ್ರು ಅಂದುಕೊಂಡಿದ್ದೆ. ಅದು ಬಂದಾಗ ಹೇಗೂ ಎದ್ದು ಹೋಗುತ್ತಿದ್ದೆ. ನನ್ನನ್ನು ಕೆಡವುತ್ತಿದ್ದದ್ದು 'ಇಷ್ಟೇ ತಾನೇ' ಅಂತ ಗಂಟೆಗಟ್ಟಲೆ ಸಹಿಸಿಕೊಂಡ ವಾಸನೆ.

ಅಲ್ಲಿಂದ ಲೆಕ್ಕ ಬದಲಾಯಿತು. ವಾಸನೆ ಎಷ್ಟು ಜೋರಾಗಿದೆ ಅಂತ ನೋಡುವುದನ್ನು ಬಿಟ್ಟು ಎಷ್ಟು ಹೊತ್ತು ಅಂತ ನೋಡಲು ಕಲಿತೆ. ಮುಚ್ಚಿದ ರೂಮಿನಲ್ಲಿ ಇಪ್ಪತ್ತು ನಿಮಿಷ, ನಂತರ ಐದು ನಿಮಿಷ ಹೊರಗೆ. ಚೆನ್ನಾಗಿದ್ದೇನೆ ಅನ್ನಿಸಿದರೂ ಸರಿ, ಎದ್ದು ಹೋಗುತ್ತೇನೆ. ಚೆನ್ನಾಗಿಲ್ಲ ಅಂತ ಗೊತ್ತಾಗುವ ಹೊತ್ತಿಗೆ ನನಗೆ ತಡವಾಗಿರುತ್ತದೆ. ನಿದ್ದೆ ಕೆಟ್ಟ ದಿನ ಇಪ್ಪತ್ತು ಹತ್ತಾಗುತ್ತದೆ.

ಸಾಮಾನುಗಳ ವಿಷಯದಲ್ಲಿ ಮಾತ್ರ ದಡ್ಡತನ ಮಾಡಿದೆ. ಮೊದಲು ಮೂಗಿನ ಕೆಳಗೆ ಮೆಂಥಾಲ್ ಮುಲಾಮು ಹಚ್ಚಿದೆ. ಸೆಂಟೂ ಹೋಗಲಿಲ್ಲ, ಘಾಟೂ ಸೇರಿಕೊಂಡಿತು. ನಂತರ ಎನ್95 ಮಾಸ್ಕ್. ಅದು ತಡೆಯುವುದು ಧೂಳಿನಂಥ ಕಣಗಳನ್ನು. ವಾಸನೆ ಅನಿಲದ ರೂಪದಲ್ಲಿರುತ್ತದೆ, ಆರಾಮಾಗಿ ಒಳಗೆ ಬರುತ್ತದೆ. ಗಾಳಿ ಶುದ್ಧ ಮಾಡುವ ಯಂತ್ರದಲ್ಲಿರುವ ಹೆಪಾ ಫಿಲ್ಟರಿನ ಕಥೆಯೂ ಇದೇ. ವಾಸನೆ ಹಿಡಿಯಲು ಆಕ್ಟಿವೇಟೆಡ್ ಕಾರ್ಬನ್, ಅಂದರೆ ವಾಸನೆ ಹೀರುವ ಇದ್ದಿಲಿನ ಪದರ ಬೇಕು. ಅಂಥ ಮಾಸ್ಕ್ ಸಿಕ್ಕಿದ ಮೇಲೆ ಲಿಫ್ಟು, ಬಸ್ಸು ಎರಡೂ ಸಾಧ್ಯವಾದವು. ಕಾರ್ಬನ್ ತುಂಬಿಕೊಂಡ ಮೇಲೆ ಕೆಲಸ ಮಾಡುವುದಿಲ್ಲ, ಬದಲಿಸಬೇಕು. ಅದನ್ನು ತಿಳಿಯದೆ ಒಂದು ತಿಂಗಳು ಸತ್ತ ಮಾಸ್ಕನ್ನೇ ಹಾಕಿಕೊಂಡು ಓಡಾಡಿದ್ದೂ ಇದೆ.

ಮನೆಯಲ್ಲಿ ದೊಡ್ಡ ಬದಲಾವಣೆ ತಂದದ್ದು ಬಟ್ಟೆ. ಫ್ಯಾಬ್ರಿಕ್ ಸಾಫ್ಟ್‌ನರ್‌ಗಳಲ್ಲಿ ಕೆಲವಕ್ಕೆ ಪರಿಮಳವನ್ನು ಸಣ್ಣ ಸಣ್ಣ ಕೋಶಗಳಲ್ಲಿ ತುಂಬಿಟ್ಟಿರುತ್ತಾರೆ. ಬಟ್ಟೆ ಉಜ್ಜಿದಾಗಲೆಲ್ಲ ಅವು ಒಡೆಯುತ್ತವೆ. ಅಂದರೆ ನಾನು ಕೈ ಅಲ್ಲಾಡಿಸಿದಷ್ಟೂ ಸಲ ನನ್ನ ಅಂಗಿಯೇ ನನ್ನ ಮೇಲೆ ಸೆಂಟು ಹೊಡೆಯುತ್ತಿತ್ತು! ಸಾಫ್ಟ್‌ನರ್ ಬಿಟ್ಟೆ, ಪರಿಮಳ ಇಲ್ಲದ ಪುಡಿಗೆ ಬಂದೆ. ಹಳೆಯ ಟವೆಲ್ಲುಗಳ ವಾಸನೆ ಹೋಗಲು ನಾಲ್ಕೈದು ಒಗೆತ ಬೇಕಾಯಿತು. ಅಕ್ಕ ಮೊದಲು ಗೊಣಗಿದಳು, 'ಒಗೆದ ಹಾಗೇ ಅನ್ನಿಸುವುದಿಲ್ಲ ಕಣೇ' ಅಂತ. ಈಗ ಅವಳೂ ಅದನ್ನೇ ಹಾಕುತ್ತಾಳೆ.

ನನಗೆ ಬೇಕೆನ್ನಿಸುವ ವಾಸನೆಗಳೂ ಇವೆ, ಅದನ್ನು ಹೇಳದಿದ್ದರೆ ಮೋಸವಾಗುತ್ತದೆ. ಹಳೆಯ ಪುಸ್ತಕ, ನನ್ನದೇ ಮೊಣಕೈಯ ಒಳಭಾಗ. ಮೂಸುತ್ತಾ ಕೂತರೆ ಉಸಿರು ತಾನಾಗಿ ನಿಧಾನವಾಗುತ್ತದೆ. ರೋಗನಿರ್ಣಯದ ಕೈಪಿಡಿ ಡಿಎಸ್‌ಎಂ-5 2013ರಲ್ಲಿ ಬಂದಾಗ ಸಂವೇದನೆಯ ಹೆಚ್ಚುಕಡಿಮೆಯನ್ನು ಆಟಿಸಂನ ಲಕ್ಷಣಗಳಲ್ಲಿ ಸೇರಿಸಿತು. ವಸ್ತುಗಳನ್ನು ಅತಿಯಾಗಿ ಮೂಸುವುದೂ ಅದರ ಉದಾಹರಣೆಗಳಲ್ಲಿದೆ. ಬ್ಯಾಗಿನಲ್ಲಿ ಈಗ ಒಂದು ಹಳೆಯ ಹತ್ತಿ ಬಟ್ಟೆ ಇಟ್ಟುಕೊಳ್ಳುತ್ತೇನೆ. ನಾಚಿಕೆ ಪೂರ್ತಿ ಹೋಗಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಕೇಳುವುದು. ಮೊದಲ ಸಲ ಮ್ಯಾನೇಜರ್ ಹತ್ತಿರ 'ನನಗೆ ವಾಸನೆ ಆಗುವುದಿಲ್ಲ ಸರ್' ಅಂದೆ. ಅವರು ಪಾಪ 'ನೋಡೋಣ' ಅಂದರು. ಏನನ್ನು ನೋಡಬೇಕು ಅಂತ ಅವರಿಗೂ ಗೊತ್ತಿರಲಿಲ್ಲ. ಎರಡನೇ ಸಲ ಮೂರು ಸಾಲು ಬರೆದುಕೊಂಡು ಹೋದೆ: ನನ್ನ ಸೀಟು ಕಿಟಕಿಯ ಪಕ್ಕಕ್ಕೆ, ನೆಲ ಒರೆಸುವುದು ಸಂಜೆ, ಮೀಟಿಂಗ್‌ನಲ್ಲಿ ಬಾಗಿಲ ಹತ್ತಿರ ಕೂತು ನಡುವೆ ಎದ್ದು ಹೋದರೆ ಯಾರೂ ಕಾರಣ ಕೇಳಬಾರದು. ಮೂರೂ ಒಂದೇ ದಿನದಲ್ಲಿ ಆದವು. ಸೆಂಟು ಹಚ್ಚಬೇಡಿ ಅಂತ ಯಾರಿಗೂ ಹೇಳಲಿಲ್ಲ. ಹೇಳುವುದು ತಪ್ಪಲ್ಲ, ನನಗೆ ಧೈರ್ಯ ಬರಲಿಲ್ಲ ಅಷ್ಟೇ. ಮಾತು ಹೋದಾಗ ತೋರಿಸಲು ಫೋನಿನಲ್ಲಿ ಒಂದು ಸಾಲು ಬರೆದಿಟ್ಟಿದ್ದೇನೆ: 'ಹುಷಾರಾಗಿದ್ದೇನೆ, ಮಾತಾಡಲು ಆಗುತ್ತಿಲ್ಲ, ಅರ್ಧ ಗಂಟೆಯಲ್ಲಿ ಬರುತ್ತೇನೆ.'

ಒಂದು ಮಾತು. ಇದ್ದಕ್ಕಿದ್ದಂತೆ ವಾಸನೆ ಸಹಿಸಲು ಆಗದಿದ್ದರೆ, ಜೊತೆಗೆ ತಲೆನೋವು ಬರುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಮೈಗ್ರೇನ್‌ನಲ್ಲೂ ಹೀಗಾಗುತ್ತದೆ. ಮಕ್ಕಳಿಗೆ ಅಭ್ಯಾಸ ಆಗಲಿ ಅಂತ ವಾಸನೆಯ ಎದುರು ಹಿಡಿದು ಕೂರಿಸಬೇಡಿ. ನನ್ನನ್ನು ಕೂರಿಸಿದ್ದರು. ಅಭ್ಯಾಸವಾದದ್ದು ಅಳು ನುಂಗುವುದು ಮಾತ್ರ.

ಮುಂದಿನ ತಿಂಗಳು ಆಫೀಸಿಗೆ ಬಣ್ಣ ಹೊಡೆಸುತ್ತಾರಂತೆ. ತಾರೀಕು ಮೊದಲೇ ಹೇಳಿ ಅಂತ ಕೇಳಿದ್ದೆ, ಹೇಳಿದ್ದಾರೆ. ಒಂದು ವಾರ ಮನೆಯಿಂದ ಕೆಲಸ. ವಾರ ಸಾಕಾಗುತ್ತದಾ ಅಂತ ಸರ್ ಕೇಳಿದರು. ಸೋಮವಾರ ಬಂದು ಬಾಗಿಲಲ್ಲಿ ನಿಂತು ಮೂಸಿ ನೋಡಿ ಹೇಳುತ್ತೇನೆ ಅಂದೆ.