ಬೀದರಿನ ಚಳಿಗೆ ಹಾಟ್ ಅಂಡ್ ಕೋಲ್ಡ್ ಎ.ಸಿ.: ಮೊದಲು ಮನೆ, ಆಮೇಲೆ ಯಂತ್ರ

ಎ.ಸಿ. ಜೋಡಿಸುವುದು, ರಿಪೇರಿ ಮಾಡುವುದು ನನ್ನ ಕಸುಬು. ಬೀದರಿನಲ್ಲಿ ಮಾರ್ಚ್‌ನಿಂದ ಜೂನ್‌ವರೆಗೆ ಇದಕ್ಕೆ ಬಿಡುವೇ ಇಲ್ಲ. ಡಿಸೆಂಬರ್ ಬಂತೆಂದರೆ ಫೋನ್ ಸುಮ್ಮನಾಗುತ್ತದೆ. ಆದರೆ ಅದೇ ಡಿಸೆಂಬರ್, ಜನವರಿಯಲ್ಲಿ ರಾತ್ರಿಯ ಉಷ್ಣಾಂಶ 10 ಡಿಗ್ರಿಗಿಂತ ಕೆಳಗೆ ಜಾರಿ, ರಾಜ್ಯದಲ್ಲೇ ಅತಿ ಕಡಿಮೆ ಎಂದು ನಮ್ಮೂರಿನ ಹೆಸರು ಪತ್ರಿಕೆಯಲ್ಲಿ ಬರುವುದುಂಟು. ಸಂಧಿವಾತವಿರುವ ನಮ್ಮ ಅವ್ವನಿಗೆ ಆ ಎರಡು ತಿಂಗಳು ಬಹಳ ಕಷ್ಟ. ಎರಡು ಕೌದಿ ಹೊದ್ದರೂ ಬೆಳಗಿನ ಜಾವ ಬೆರಳು ಮಡಚಲು ಆಗುತ್ತಿರಲಿಲ್ಲ.

ಕೋಣೆಯಲ್ಲಿ ಇದ್ದಿಲಿನ ಶೇಗಡಿ ಇಟ್ಟುಕೊಂಡು ಮಲಗುವವರು ನಮ್ಮ ಕಡೆ ಇನ್ನೂ ಇದ್ದಾರೆ. ಅದನ್ನು ನಾನು ಮನೆಯೊಳಗೆ ಬಿಡಲಿಲ್ಲ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ಎಚ್ಚರವಾಗುವುದೂ ಇಲ್ಲ. ಕಾಯಿಲ್ ಹೀಟರ್‌ನಲ್ಲಿ ಆ ಭಯವಿಲ್ಲ, ಆದರೆ 2000 ವ್ಯಾಟ್‌ನದು ಎಂಟು ಗಂಟೆ ಉರಿದರೆ 16 ಯೂನಿಟ್. ಅದರ ಎದುರು ಕುಳಿತವರ ಮೊಣಕಾಲು ಸುಡುತ್ತದೆ, ಬೆನ್ನು ತಣ್ಣಗೇ ಇರುತ್ತದೆ. ಹೀಗಾಗಿ ಅವ್ವನ ಕೋಣೆಗೆ ಒಂದೂವರೆ ಟನ್ನಿನ ಇನ್ವರ್ಟರ್ ಹಾಟ್ ಅಂಡ್ ಕೋಲ್ಡ್ ಎ.ಸಿ. ಹಾಕಲು ತೀರ್ಮಾನಿಸಿದೆ. ಇಲ್ಲಿನ ಅಂಗಡಿಗಳಲ್ಲಿ ಇರುವುದೆಲ್ಲ ಬರೀ ತಂಪಿನವು. ಹೈದರಾಬಾದಿನಿಂದ ತರಿಸಬೇಕಾಯಿತು.

ಈ ಯಂತ್ರ ಶಾಖವನ್ನು ಹುಟ್ಟಿಸುವುದಿಲ್ಲ, ಹೊರಗಿನಿಂದ ಹೊತ್ತು ತರುತ್ತದೆ. ಬೇಸಿಗೆಯಲ್ಲಿ ಕೋಣೆಯ ಶಾಖವನ್ನು ಹೊರಗೆ ಒಯ್ಯುವ ಗ್ಯಾಸ್, ರಿವರ್ಸಿಂಗ್ ವಾಲ್ವ್ ತಿರುಗಿದೊಡನೆ ದಾರಿ ಬದಲಿಸುತ್ತದೆ. ಹೊರಗೆ 8 ಡಿಗ್ರಿ ಇರುವಾಗ ಒಳಕ್ಕೆ ತರಲು ಶಾಖ ಎಲ್ಲಿದೆ ಎಂದು ಕೇಳುವವರಿಗೆ ನಾನು ಯಂತ್ರದೊಳಗೆ ಸುತ್ತುವ ಆ ಆರ್-32 ಗ್ಯಾಸಿನ ಕುದಿಬಿಂದು ಹೇಳುತ್ತೇನೆ: ವಾತಾವರಣದ ಒತ್ತಡದಲ್ಲಿ ಸೊನ್ನೆಗಿಂತ ಸುಮಾರು 52 ಡಿಗ್ರಿ ಕೆಳಗೆ. ಅಂಥ ಗ್ಯಾಸಿಗೆ ನಮ್ಮ ಜನವರಿ ಗಾಳಿ ಬಿಸಿಯೇ. ಅದು ಹೊರಗಿನ ಕಾಯಿಲ್‌ನಲ್ಲಿ ಆವಿಯಾಗುತ್ತ ಶಾಖ ಹೀರುತ್ತದೆ, ಕಂಪ್ರೆಸರ್ ಅದನ್ನು ಒತ್ತಿ ಇನ್ನಷ್ಟು ಬಿಸಿ ಮಾಡುತ್ತದೆ, ಒಳಗಿನ ಕಾಯಿಲ್‌ನಲ್ಲಿ ಅದು ಮತ್ತೆ ದ್ರವವಾಗುವಾಗ ಆ ಶಾಖವೆಲ್ಲ ಕೋಣೆಗೆ ಸಿಗುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್ ಶಾಖ.

ತಯಾರಕರು ಹೀಟಿಂಗ್ ಸಾಮರ್ಥ್ಯವನ್ನು ಅಳೆಯುವ ಸಾಮಾನ್ಯ ಷರತ್ತೆಂದರೆ ಒಳಗೆ 20 ಡಿಗ್ರಿ, ಹೊರಗೆ 7 ಡಿಗ್ರಿ. ಅದು ಹೆಚ್ಚುಕಡಿಮೆ ಬೀದರಿನ ಚಳಿಗಾಲದ ರಾತ್ರಿಯೇ! ಹಿಮ ಬೀಳುವ ದೇಶಗಳಲ್ಲಿ ಹೊರಗೆ ಸೊನ್ನೆಗಿಂತ 15 ಡಿಗ್ರಿ ಕೆಳಗಾದಾಗ ಸಾಧಾರಣ ಯಂತ್ರದ ಸಾಮರ್ಥ್ಯ ಬಹಳಷ್ಟು ಕುಸಿಯುತ್ತದೆ. ಕಾಯಿಲ್ ಮೇಲೆ ಹಿಮ ಕಟ್ಟುತ್ತದೆ, ಅದನ್ನು ಕರಗಿಸಲು ಯಂತ್ರ ಆಗಾಗ ಹಿಮ್ಮುಖವಾಗಿ ಓಡಬೇಕಾಗುತ್ತದೆ. ಅಂಥ ಚಳಿಗೆಂದೇ ಕಂಪ್ರೆಸರ್‌ನ ನಡುಹಂತದಲ್ಲಿ ಗ್ಯಾಸ್ ಸೇರಿಸುವ ವಿಶೇಷ ಮಾದರಿಗಳಿವೆ. ಔಟ್‌ಡೋರ್ ಯೂನಿಟ್ಟಿನ ತಳಕ್ಕೆ ಸಣ್ಣ ಹೀಟರ್ ಇಟ್ಟು, ಹಿಮದಲ್ಲಿ ಹೂತುಹೋಗದಂತೆ ಎತ್ತರದ ಸ್ಟ್ಯಾಂಡಿನ ಮೇಲೆ ಕೂರಿಸುತ್ತಾರೆ. ಅವು ಸೊನ್ನೆಗಿಂತ 25 ಡಿಗ್ರಿ ಕೆಳಗೂ ಕೆಲಸ ಮಾಡುತ್ತವೆ. ನಮಗೆ ಅವು ಯಾವುವೂ ಬೇಕಿಲ್ಲ. ಆದರೆ ಕೊಳ್ಳುವಾಗ ನಕ್ಷತ್ರಗಳನ್ನಷ್ಟೇ ಎಣಿಸಬೇಡಿ: ನಮ್ಮ ದೇಶದಲ್ಲಿ ಎ.ಸಿ.ಗೆ ಅಂಟಿಸುವ ಸ್ಟಾರ್ ಲೇಬಲ್ ತಂಪಿನ ಲೆಕ್ಕದ್ದು, ಬಿಸಿಯದಲ್ಲ. ಹೀಟಿಂಗ್ ಸಾಮರ್ಥ್ಯ ಎಷ್ಟು, ಅದಕ್ಕೆ ಎಷ್ಟು ವ್ಯಾಟ್ ಬೇಕು ಎಂಬೆರಡು ಅಂಕಿಗಳನ್ನು ಕೇಳಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ನೋಡಿ; ಹೆಚ್ಚು ಬಂದಷ್ಟೂ ಒಳ್ಳೆಯದು.

ಯಂತ್ರಕ್ಕಿಂತ ಹೆಚ್ಚು ಯೋಚನೆ ಮಾಡಿಸಿದ್ದು ಮನೆ. ಕೋಟೆ ಕಟ್ಟಿದ ಅದೇ ಕೆಂಪು ಜಂಬಿಟ್ಟಿಗೆ ಕಲ್ಲಿನದು ನಮ್ಮ ಹಳೆಯ ಗೋಡೆ, ಒಂದೂವರೆ ಅಡಿ ದಪ್ಪ. ಮೇಲೆ ಆಮೇಲೆ ಹಾಕಿಸಿದ ಆರ್‌ಸಿಸಿ, ಕೆಳಗೆ ಶಹಾಬಾದ್ ಫರಸಿ. ದಪ್ಪ ಗೋಡೆ ಚಳಿಯನ್ನು ತಡೆಯುತ್ತದೆ ಎಂದು ಎಲ್ಲರೂ ತಿಳಿದಿರುತ್ತಾರೆ. ಅದು ತಡೆಯುವುದಕ್ಕಿಂತ ಹೆಚ್ಚಾಗಿ ಕೂಡಿಡುತ್ತದೆ. ಡಿಸೆಂಬರ್ ಪೂರ್ತಿ ತಂಪನ್ನು ಕೂಡಿಟ್ಟ ಗೋಡೆ 15 ಡಿಗ್ರಿ ಇದ್ದು, ಕೋಣೆಯ ಗಾಳಿ 23 ಆದರೂ, ಮೈಗೆ ಅದು ಹೆಚ್ಚುಕಡಿಮೆ ಎರಡರ ಸರಾಸರಿಯಂತೆ 19 ಎನಿಸುತ್ತದೆ. ಹೀಗಾಗಿ ಮಲಗುವ ಹೊತ್ತಿಗೆ ಒಮ್ಮೆಲೇ 28ಕ್ಕೆ ಇಟ್ಟು, ಅರ್ಧ ಗಂಟೆಯಲ್ಲಿ ಬಂದ್ ಮಾಡುವ ಪದ್ಧತಿ ಇಂಥ ಮನೆಗೆ ಪ್ರಯೋಜನವಿಲ್ಲ. ಸಂಜೆ ಐದರ ಸುಮಾರಿಗೆ, ಹೊರಗಿನ ಗಾಳಿ ಇನ್ನೂ ಬೆಚ್ಚಗಿರುವಾಗಲೇ, ಯಂತ್ರವನ್ನು 23ಕ್ಕೆ ಇಟ್ಟು ಶುರು ಮಾಡುತ್ತೇನೆ. ಆ ಹೊತ್ತಿನಲ್ಲಿ ಅದಕ್ಕೆ ಶ್ರಮ ಕಡಿಮೆ, ವಿದ್ಯುತ್ತೂ ಕಡಿಮೆ. ರಾತ್ರಿ ಹತ್ತರ ನಂತರ 21ಕ್ಕೆ ಇಳಿಸಿ ಬೆಳಗಿನವರೆಗೆ ಹಾಗೇ ಬಿಡುತ್ತೇನೆ. ಕೆಲವು ದಿನ ಹೀಗೆ ನಡೆದರೆ ಗೋಡೆಯೇ ನಮ್ಮ ಪರವಾಗಿ ನಿಲ್ಲುತ್ತದೆ. ನೌಬಾದ್ ಕಡೆಯ ಹಳೆಯ ಸುರಂಗ ಬಾವಿಯ ನೀರು ಜನವರಿಯಲ್ಲಿ ಕೈಗೆ ಬೆಚ್ಚಗೆ ತಾಗುವುದೂ ನೆಲ ಹೀಗೆ ಶಾಖ ಹಿಡಿದಿಟ್ಟುಕೊಳ್ಳುವುದರಿಂದಲೇ. ಕೆಲವು ದೇಶಗಳಲ್ಲಿ ನೆಲದೊಳಗೆ ಪೈಪ್ ಹೂತು ಅಲ್ಲಿಂದಲೇ ಮನೆಗೆ ಶಾಖ ಎಳೆದುಕೊಳ್ಳುತ್ತಾರೆ.

ಬಿಸಿ ಗಾಳಿ ಮೇಲಕ್ಕೇ ಹೋಗುತ್ತದೆ. ನಮ್ಮ ಕೋಣೆಯ ಎತ್ತರ ಹನ್ನೊಂದು ಅಡಿ. ಯಂತ್ರ ತಂದ ಬಿಸಿಯೆಲ್ಲ ತಣ್ಣನೆಯ ಸ್ಲ್ಯಾಬ್‌ಗೆ ತಾಗಿ ಅಲ್ಲಿಂದಲೇ ಆಕಾಶಕ್ಕೆ ಸೋರುತ್ತಿತ್ತು. ಆದ್ದರಿಂದ ಎ.ಸಿ. ಬರುವ ಮೊದಲೇ ಒಂಬತ್ತು ಅಡಿಗೆ ಜಿಪ್ಸಮ್ ಸೀಲಿಂಗ್ ಇಳಿಸಿ ಅದರ ಮೇಲೆ ಗ್ಲಾಸ್‌ವುಲ್ ಹಾಸಿಸಿದೆ. ಹಳೆಯ ತೇಗದ ಬಾಗಿಲಿನ ಸಂದಿಗೆ ರಬ್ಬರ್ ಪಟ್ಟಿ, ಹೊಸ್ತಿಲ ಕಡೆಗೆ ಬ್ರಷ್, ಫರಸಿಯ ಮೇಲೆ ದಪ್ಪ ಜಮಖಾನೆ. ಈ ಕೆಲಸಕ್ಕೆ ಹಾಕಿದ ದುಡ್ಡಿನ ಬಗ್ಗೆ ನನಗೆ ಇಂದಿಗೂ ಬಹಳ ತೃಪ್ತಿಯಿದೆ. ಮೇ ತಿಂಗಳ ಬಿಸಿಲಿನಲ್ಲೂ ಅದೇ ಸೀಲಿಂಗ್ ಕಾಯುತ್ತದೆ.

ಇನ್ನು ಜೋಡಿಸುವ ಕೆಲಸ. ಜಂಬಿಟ್ಟಿಗೆ ನೆಲದಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಕಲ್ಲು. ಹೊರಮೈ ಗಟ್ಟಿಯಾದರೂ ಒಳಗೆ ತೂತುತೂತು, ಸಾಮಾನ್ಯ ಫಾಸ್ಟನರ್ ಅದರಲ್ಲಿ ಕಚ್ಚುವುದಿಲ್ಲ. ಇಂಡೋರ್ ಯೂನಿಟ್ಟಿನ ಪ್ಲೇಟನ್ನು ಸಿಮೆಂಟಿನಲ್ಲಿ ಹೂತ ಮರದ ಗುಟ್ಟಗಳಿಗೆ ಬಿಗಿದೆ. ಪೈಪಿನ ರಂಧ್ರವನ್ನು ಹೊರಕ್ಕೆ ಓರೆಯಾಗಿ ಕೊರೆದು, ಉಳಿದ ಸಂದನ್ನು ಫೋಮ್‌ನಿಂದ ಮುಚ್ಚಿದೆ. ಇಲ್ಲವಾದರೆ ಅದೇ ಚಳಿಗಾಳಿಯ ಕಿಟಕಿಯಾಗುತ್ತದೆ. ಹೀಟಿಂಗ್‌ನಲ್ಲಿ ದಪ್ಪ ಪೈಪ್ ಮುಟ್ಟಲಾಗದಷ್ಟು ಬಿಸಿಯಾಗುವುದರಿಂದ ಎರಡೂ ಪೈಪುಗಳಿಗೆ ಬೇರೆಬೇರೆಯಾಗಿ ಇನ್ಸುಲೇಶನ್ ಬೇಕು. ಪೈಪಿನೊಳಗಿನ ಗಾಳಿಯನ್ನು ಗ್ಯಾಸ್ ಬಿಟ್ಟು ಹೊರದೂಡುವ ಅಡ್ಡದಾರಿ ಬೇಡ, ವ್ಯಾಕ್ಯೂಮ್ ಪಂಪಿನಿಂದಲೇ ಎಳೆಯಬೇಕು. ಆರ್-32 ಸ್ವಲ್ಪ ಮಟ್ಟಿಗೆ ಉರಿಯುವ ಗ್ಯಾಸ್ ಎಂಬುದನ್ನು ನನ್ನ ಜೊತೆಗೆ ಕಲಿಯುವ ಹುಡುಗರಿಗೆ ಪ್ರತಿ ಸಲ ನೆನಪಿಸುತ್ತೇನೆ.

ಔಟ್‌ಡೋರ್ ಯೂನಿಟ್ಟನ್ನು ಬೆಳಗಿನ ಬಿಸಿಲು ಬೀಳುವ ಕಡೆ, ಎದುರಿಗೆ ಬಯಲಿರುವಂತೆ ಇಡಬೇಕು. ಇಕ್ಕಟ್ಟಾದ ಓಣಿಯಲ್ಲಿಟ್ಟರೆ ತಾನು ಉಗುಳಿದ ತಣ್ಣನೆಯ ಗಾಳಿಯನ್ನು ತಾನೇ ಮತ್ತೆ ಎಳೆದುಕೊಳ್ಳುತ್ತದೆ. ಚಳಿಗಾಲದಲ್ಲಿ ನೀರು ತೊಟ್ಟಿಕ್ಕುವುದು ಹೊರಗಿನ ಯೂನಿಟ್ಟಿನಿಂದ. ಅದು ಸೋರಿಕೆಯಲ್ಲ, ಅದಕ್ಕೊಂದು ಡ್ರೇನ್ ಪೈಪ್ ಇದ್ದರೆ ಸಾಕು.

ಬಳಸುವವರನ್ನು ಗಾಬರಿಗೊಳಿಸುವ ಸಂಗತಿಗಳು ಎರಡಿವೆ. ಸ್ವಿಚ್ ಹಾಕಿದ ಕೂಡಲೇ ಗಾಳಿ ಬರುವುದಿಲ್ಲ. ಕಾಯಿಲ್ ಬಿಸಿಯಾಗುವವರೆಗೆ ಫ್ಯಾನ್ ಕಾಯುತ್ತದೆ, ತಣ್ಣನೆಯ ಗಾಳಿ ಮುಖಕ್ಕೆ ಬಡಿಯಬಾರದೆಂದು. ಇನ್ನೊಂದು, ಮಂಜು ಕವಿದ ತೀರಾ ತಣ್ಣನೆಯ ಬೆಳಗಿನಲ್ಲಿ ಅಪರೂಪಕ್ಕೆ ಭುಸ್ ಎಂದು ಸದ್ದಾಗಿ ಕೆಲವು ನಿಮಿಷ ಬಿಸಿ ನಿಲ್ಲುತ್ತದೆ, ಹೊರಗೆ ಹಬೆ ಏಳುತ್ತದೆ. ಅದು ಹೊರಗಿನ ಕಾಯಿಲ್‌ಗೆ ಕಟ್ಟಿದ ಹಿಮ ಕರಗುವ ಹೊತ್ತು. ಬಂದ್ ಮಾಡದೆ ಬಿಟ್ಟುಬಿಡಿ.

ಗಾಳಿಯ ರೆಕ್ಕೆಯನ್ನು ನೇರ ಕೆಳಕ್ಕೆ ತಿರುಗಿಸಿ, ಸೀಲಿಂಗ್ ಫ್ಯಾನನ್ನು ಅತಿ ನಿಧಾನಕ್ಕೆ ಇಟ್ಟರೆ ಮೇಲಿನ ಬಿಸಿ ಮಂಚದ ಮಟ್ಟಕ್ಕೆ ಇಳಿಯುತ್ತದೆ. ಯಂತ್ರದ ಸೆನ್ಸರ್ ಇರುವುದು ಗೋಡೆಯ ಮೇಲ್ಭಾಗದಲ್ಲಾದ್ದರಿಂದ ರಿಮೋಟ್ ಹೇಳುವುದನ್ನು ನಂಬದೆ ಅವ್ವನ ತಲೆದಿಂಬಿನ ಬಳಿ ಒಂದು ಥರ್ಮಾಮೀಟರ್ ತೂಗುಹಾಕಿದ್ದೇನೆ. ಇನ್ನೊಂದು ಕಾಳಜಿ ತೇವದ್ದು: 8 ಡಿಗ್ರಿಯ ಗಾಳಿಯಲ್ಲಿ ಶೇ 80 ಆರ್ದ್ರತೆ ಇದ್ದರೂ ಅದನ್ನೇ 22ಕ್ಕೆ ಕಾಯಿಸಿದಾಗ ಶೇ 30ರ ಆಸುಪಾಸಿಗೆ ಇಳಿಯುತ್ತದೆ. ಮೊದಲ ವಾರದಲ್ಲೇ ಅವ್ವ, "ಗಂಟಲು ಒಣಗುತ್ತದೆ, ತಮ್ಮಾ" ಎಂದರು. ಕೋಣೆಯಲ್ಲಿ ಅಗಲ ಬಾಯಿಯ ಬೋಗುಣಿಯಲ್ಲಿ ನೀರಿಟ್ಟು, ಒದ್ದೆ ಪಂಚೆ ಹರವಿದ ಮೇಲೆ ಸರಿಹೋಯಿತು.

ಮೀಟರ್ ಹಾಕಿ ನೋಡಿದರೆ ಒಂದು ರಾತ್ರಿಗೆ ಐದಾರು ಯೂನಿಟ್ ಆಗುತ್ತದೆ, ತಿಂಗಳಿಗೆ 150ರಿಂದ 180. ಗೃಹಜ್ಯೋತಿಯಲ್ಲಿ ಇರುವವರು ಇದನ್ನು ಮೊದಲೇ ಲೆಕ್ಕ ಹಾಕಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ನಾವು ಆ ಎರಡು ತಿಂಗಳು ಕಟ್ಟುತ್ತೇವೆ. ಅವ್ವ ಈಗ ಬೆಳಿಗ್ಗೆ ಎದ್ದು ತಾವೇ ಹೆರಳು ಹಾಕಿಕೊಳ್ಳುತ್ತಾರೆ, ಆ ಬಿಲ್ ನನಗೆ ಭಾರವೆನಿಸುವುದಿಲ್ಲ.

ಈಗ ಓಣಿಯವರು, ಹಳೆಯ ಗಿರಾಕಿಗಳು ಬಂದು ಕೇಳುತ್ತಾರೆ. ನಾನು ಮೊದಲು ಅವರ ಮನೆಗೆ ಹೋಗಿ ಸೂರು, ಬಾಗಿಲು ನೋಡುತ್ತೇನೆ. ಒಂದೇ ಕೋಣೆಯನ್ನು ಆರಿಸಿಕೊಳ್ಳಿ, ಮನೆಯಲ್ಲಿ ಹಿರಿಯರೋ ಹಸುಗೂಸೋ ಇರುವ ಕೋಣೆಯನ್ನು ಎನ್ನುತ್ತೇನೆ. ಬರೀ ತಗಡಿನ ಸೂರು ಇರುವವರಿಗೆ ಎ.ಸಿ. ಮಾರಲು ನಾನು ಒಪ್ಪುವುದಿಲ್ಲ. ಆ ದುಡ್ಡಿನಲ್ಲಿ ಈ ವರ್ಷ ತಗಡಿನ ಕೆಳಗೆ ಸೀಲಿಂಗ್ ಹಾಕಿಸಿಕೊಳ್ಳಿ, ಯಂತ್ರದ ಮಾತು ಮುಂದಿನ ವರ್ಷ ಆಡೋಣ ಎಂದು ಹೇಳಿ ಕಳಿಸುತ್ತೇನೆ.