ಕೆಸುವಿನೆಲೆಯ ಅಚ್ಚಿನಲ್ಲಿ ಹಕ್ಕಿಗಳಿಗೆ ನೀರಿನ ತಟ್ಟೆ

ಫೆಬ್ರವರಿ ಕಳೆದರೆ ಉಡುಪಿ ಜಿಲ್ಲೆಯ ಹಿರಿಯಡ್ಕ, ಪೆರ್ಡೂರು ಕಡೆಯ ಮುರಕಲ್ಲಿನ ನೆಲದಲ್ಲಿ ನೀರಿನ ಪಸೆ ಉಳಿಯುವುದಿಲ್ಲ. ಹಕ್ಕಿಗಳಿಗೆಂದು ಅಂಗಳದಲ್ಲಿ ನೀರಿಡುವವರು ಈಗ ಹೆಚ್ಚಿದ್ದಾರೆ, ಸಂತೋಷ. ಆದರೆ ಇಡುವ ಪಾತ್ರೆ ಸರಿಯಿಲ್ಲ. ಹೊಳಪಿನ ಪಿಂಗಾಣಿ ಬೋಗುಣಿಯ ಅಂಚಿನಲ್ಲಿ ಪಿಕಳಾರದ ಕಾಲು ಜಾರುತ್ತದೆ. ಹಗುರ ಪ್ಲಾಸ್ಟಿಕ್ ತಟ್ಟೆ ಕಾಗೆ ಕೂತೊಡನೆ ಮಗುಚುತ್ತದೆ. ಎರಡನ್ನೂ ಕೊಳ್ಳಬೇಡಿ. ಬಚ್ಚಲ ನೀರು ಹರಿಯುವಲ್ಲಿ ಬೆಳೆದ ಕೆಸುವಿನ ಒಂದು ದೊಡ್ಡ ಎಲೆ, ಸಿಮೆಂಟು, ಹೊಯಿಗೆ (ಮರಳು), ಒಂದು ತುಂಡು ತಂತಿಬಲೆ ಇದ್ದರೆ ಹತ್ತು ವರ್ಷ ಬಾಳುವ ತಟ್ಟೆಯನ್ನು ನೀವೇ ಮಾಡಬಹುದು.

ಒಂದೂವರೆ ಅಡಿ ಉದ್ದದ, ಹುಳು ತಿನ್ನದ ಎಲೆಯನ್ನು ಆರಿಸಿ ತೊಟ್ಟನ್ನು ಎಲೆಯ ಮಟ್ಟಕ್ಕೇ ಕತ್ತರಿಸಿ. ಕೈಗೆ ರಬ್ಬರ್ ಗವಸು ಇರಲಿ. ಕೆಸುವಿನ ರಸಕ್ಕೆ ಬರೀ ತುರಿಕೆ, ಹಸಿ ಸಿಮೆಂಟಿಗೆ ಚರ್ಮವೇ ಸುಡುತ್ತದೆ.

ನೆರಳಿನಲ್ಲಿ ಒದ್ದೆ ಹೊಯಿಗೆಯನ್ನು ದೋಸೆ ಕಾವಲಿ ಮಗುಚಿಟ್ಟಷ್ಟು ತಗ್ಗಾದ ಗುಡ್ಡೆ ಮಾಡಿ. ನಡುವಿನ ಎತ್ತರ ಎರಡು ಇಂಚು ಮೀರಬಾರದು. ಆ ಎತ್ತರವೇ ನಾಳೆ ತಟ್ಟೆಯ ಆಳವಾಗುತ್ತದೆ, ಅದಕ್ಕಿಂತ ಆಳದ ನೀರಿಗೆ ಸಣ್ಣ ಹಕ್ಕಿ ಇಳಿಯಲು ಹೆದರುತ್ತದೆ. ಗುಡ್ಡೆಯ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ನರಗಳು ಉಬ್ಬಿದ ಬೆನ್ನು ಮೇಲಾಗುವಂತೆ ಎಲೆ.

ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಜರಡಿ ಹಿಡಿದ ಹೊಳೆಯ ಹೊಯಿಗೆ ಅಥವಾ ಎಂ-ಸ್ಯಾಂಡ್. ಹತ್ತಿರವಿದೆಯೆಂದು ಕಡಲ ಕರೆಯ ಹೊಯಿಗೆ ತರುವವರಿದ್ದಾರೆ, ದಯವಿಟ್ಟು ಬೇಡ. ಅದರ ಉಪ್ಪು ಮುಂದೆ ಬಿಳಿಯಾಗಿ ಮೇಲೆ ಬರುತ್ತದೆ, ಒಳಗಿಟ್ಟ ತಂತಿಯನ್ನೂ ತಿನ್ನುತ್ತದೆ. ನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ. ಒಂದು ಮುಷ್ಟಿ ಹಿಡಿದು ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿನಲ್ಲಿ ನೀರು ಇಳಿಯಬಾರದು.

ಪತ್ರೊಡೆಗೆ ಹಿಟ್ಟು ಸವರಿದ ಕೈಗೆ ಮುಂದಿನದು ಗೊತ್ತಿರುವ ಕೆಲಸ: ನಡುನರದಿಂದ ಶುರುಮಾಡಿ ಅಂಚಿನ ಕಡೆಗೆ. ಆದರೆ ಪತ್ರೊಡೆಯ ಹಾಗೆ ನರ ಹೆರೆಯಬೇಡಿ, ಚಿತ್ತಾರ ಮೂಡಿಸುವುದೇ ಆ ನರ. ತೆಳ್ಳಗೆ ಸವರಲೂ ಬೇಡಿ. ನಡುವೆ ಮುಕ್ಕಾಲು ಇಂಚು, ಅಂಚಿನಲ್ಲಿ ಅರ್ಧ ಇಂಚು ದಪ್ಪ ಬೇಕು. ಮೊದಲ ಪದರವನ್ನು ಹೆಬ್ಬೆರಳಿನಿಂದ ನರಗಳ ಬದಿಗೆ ಒತ್ತಿ, ಗಾಳಿ ಉಳಿಯಬಾರದು. ಅದರ ಮೇಲೆ ಕೋಳಿಗೂಡಿನ ತಂತಿಬಲೆಯ ತುಂಡು, ಮತ್ತೆ ಗಾರೆ. ಎಲೆಯ ಅಂಚು ದಾಟಿದ ಗಾರೆಯನ್ನು ಆಗಲೇ ಒರೆಸಿ ತೆಗೆಯಿರಿ, ಇಲ್ಲದಿದ್ದರೆ ಎಲೆಯ ಆಕಾರವೇ ಹೋಗುತ್ತದೆ. ತಟ್ಟೆ ಅಲುಗಾಡದಂತೆ ನಡುವೆ ಅಂಗೈ ಅಗಲದ ಒಂದು ಗಾರೆಯ ಬಿಲ್ಲೆ ಕೂರಿಸಿ ಮಟ್ಟಮಾಡಿ.

ಒಡೆದ ತಟ್ಟೆಗಳಲ್ಲಿ ಹೆಚ್ಚಿನವು ಒಡೆದದ್ದು ಇದರ ನಂತರ. ನಮ್ಮ ನೆರೆಮನೆಯವರು ಬೇಗ ಒಣಗಲಿ ಎಂದು ಅಚ್ಚನ್ನು ಏಪ್ರಿಲ್ ಬಿಸಿಲಿಗೆ ಎಳೆದಿಟ್ಟು, ಮರುದಿನ ಬೆಳಗ್ಗೆಯೇ ಎತ್ತಿದರು. ನಡುನರದ ಉದ್ದಕ್ಕೂ ಎರಡು ಹೋಳು. ಸಿಮೆಂಟು ಒಣಗಿ ಗಟ್ಟಿಯಾಗುವುದಲ್ಲ, ನೀರು ಕುಡಿದು ಗಟ್ಟಿಯಾಗುವುದು. ನೀರು ಆರಿಹೋದರೆ ಅದರ ಬಲ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಅಚ್ಚಿನ ಮೇಲೆ ಪ್ಲಾಸ್ಟಿಕ್ ಹೊದಿಸಿ, ಅದರ ಮೇಲೆ ಒದ್ದೆ ಗೋಣಿ ಹಾಕಿ, ಎರಡು ದಿನ ಕೈ ಹಚ್ಚಬೇಡಿ. ಮೂರನೆಯ ದಿನ ಎರಡೂ ಅಂಗೈ ಅಡಿಗೆ ಕೊಟ್ಟು ಮಗುಚಿ. ಎಲೆ ಕಪ್ಪಾಗಿ ಅಂಟಿಕೊಂಡಿರುತ್ತದೆ. ತೊಟ್ಟಿನ ಕಡೆಯಿಂದ ಬಿಡಿಸುತ್ತ ಬನ್ನಿ, ಉಳಿದ ಚೂರನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ಕೂದಲೆಳೆಯಷ್ಟು ಸಣ್ಣ ನರವೂ ಕಲ್ಲಿನಲ್ಲಿ ಕೆತ್ತಿದಂತೆ ಕಾಣುತ್ತದೆ. ಆ ಗೀರುಗಳೇ ಹಕ್ಕಿಯ ಉಗುರಿಗೆ ಹಿಡಿತ. ಒಳಗೆ ಎನಾಮಲ್ ಬಣ್ಣ ಬಳಿದು ಅದನ್ನು ಮುಚ್ಚಬೇಡಿ.

ಈಗಲೇ ಹಕ್ಕಿಗೆ ಇಡುವಂತಿಲ್ಲ. ಹೊಸ ಸಿಮೆಂಟು ನೀರಿಗೆ ಸುಣ್ಣದ ಖಾರ ಬಿಡುತ್ತದೆ. ತಟ್ಟೆಯನ್ನು ಬಕೆಟ್ಟಿನಲ್ಲೋ ತೊಟ್ಟಿಯಲ್ಲೋ ಮುಳುಗಿಸಿ, ಎರಡು ವಾರ ದಿನವೂ ನೀರು ಬದಲಿಸಿ. ಬಲವೂ ಬರುತ್ತದೆ, ಖಾರವೂ ಇಳಿಯುತ್ತದೆ.

ಸೊಂಟದೆತ್ತರಕ್ಕೆ ಮುರಕಲ್ಲು ಪೇರಿಸಿ, ಮರದ ನೆರಳಿನಲ್ಲಿ ಇಡಿ. ಬೆಕ್ಕು ಅಡಗುವಂಥ ಪೊದೆ ಆರಡಿಯೊಳಗೆ ಇರಬಾರದು. ಹಾರಿ ಕೂರಲು ಮೇಲೊಂದು ಕೊಂಬೆ ಇರಬೇಕು.

ನೀರನ್ನು ದಿನವೂ ಚೆಲ್ಲಿ ತುಂಬಿಸಿದರೆ ಸಾಲದು. ಡೆಂಗೆ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯನ್ನು ನೀರಿನ ಅಂಚಿನ ಗೋಡೆಗೆ ಅಂಟಿಸುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಸಾಯದ ಆ ಮೊಟ್ಟೆ ನೀರು ಸಿಕ್ಕಿದೊಡನೆ ಒಡೆಯುತ್ತದೆ. ನಾಲ್ಕು ದಿನಕ್ಕೊಮ್ಮೆ ತೆಂಗಿನ ಸಿಪ್ಪೆಯಿಂದ ನರನರದ ಸಂದನ್ನೂ ತಿಕ್ಕಿ ತೊಳೆಯಿರಿ. ಸಾಬೂನು ಬೇಡ. ಪೇಟೆಗೆ ನಾಲ್ಕು ದಿನ ಹೋಗುವುದಿದ್ದರೆ ತಟ್ಟೆಯನ್ನು ಮಗುಚಿಟ್ಟು ಹೋಗಿ.

ಮೊದಲ ವಾರ ಯಾರೂ ಬಾರದಿದ್ದರೆ ಜಾಗ ಬದಲಿಸಬೇಡಿ. ನಮ್ಮಲ್ಲಿ ಮೊದಲು ಬಂದದ್ದು ಮಡಿವಾಳ ಹಕ್ಕಿ, ಸಂಜೆ ಐದರ ಹೊತ್ತಿಗೆ. ಅಂಚಿನಲ್ಲಿ ಕೂತು ಬಾಲ ಎತ್ತಿ ಇಳಿಸಿತು, ಎರಡು ಹೆಜ್ಜೆ ನೀರಿಗಿಟ್ಟಿತು, ಎದೆ ಅದ್ದಿ ರೆಕ್ಕೆ ಬಡಿಯಿತು. ಆಮೇಲೆ ಪಿಕಳಾರಗಳು ಜೋಡಿಯಾಗಿ, ಹರಟೆಮಲ್ಲಗಳು ಗುಂಪಾಗಿ. ಸೂರಕ್ಕಿ ತಟ್ಟೆಗೆ ಇಳಿಯುವುದು ಅಪರೂಪ, ಅದಕ್ಕೆ ಒದ್ದೆ ಎಲೆಗೆ ಮೈಯುಜ್ಜಿ ಮೀಯುವುದೇ ಇಷ್ಟ. ತಟ್ಟೆ ತುಂಬಿಸುವಾಗ ಪಕ್ಕದ ದಾಸವಾಳದ ಮೇಲೂ ಒಂದು ಚೊಂಬು ನೀರು ಚಿಮುಕಿಸಿ.